ನಾಲ್ಕು ಮನೆಯ ಹಪ್ಪಳದ ಲೆಕ್ಕ

ಪುತ್ತೂರಿನ ಆಸುಪಾಸಿನಲ್ಲಿ ಏಪ್ರಿಲ್ ಬಂತೆಂದರೆ ಹಲಸಿನಕಾಯಿಗೆ ಬೆಲೆಯಿರುವುದಿಲ್ಲ. ಮರ ಹತ್ತಿ ಕೊಯ್ದು ಕೊಡುವವರಿಗೆ ಮಾತ್ರ ಬೆಲೆ. ಮರದ ಬುಡದಲ್ಲಿ ಬಿದ್ದು ಕೊಳೆಯುವ ಈ ಕಾಯಿಯನ್ನೇ ನಂಬಿ ನೆರೆಕರೆಯ ನಾಲ್ಕು ಮನೆಯವರು ಹಪ್ಪಳದ ಉಪವೃತ್ತಿ ಆರಂಭಿಸಿ ಕೆಲವು ವರ್ಷಗಳಾದವು. ನಾನು ಪೇಟೆಯ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಆ ನೌಕರಿಯನ್ನು ಬಿಡುವ ಯೋಚನೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಇಂಥದ್ದೊಂದನ್ನು ಆರಂಭಿಸಲು ಎಷ್ಟು ಬಂಡವಾಳ ಬೇಕೆಂದು ವಿಚಾರಿಸುವವರಿಗೆ ನಾನು ಹೇಳುವುದಿಷ್ಟೆ: ಯಾರು ಯಾವ ಕೆಲಸ ಮಾಡುತ್ತಾರೆ, ಯಾರಿಗೆ ಯಾವಾಗ ಹಣ ಸಲ್ಲುತ್ತದೆ ಎಂಬುದನ್ನು ಮೊದಲು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಹಪ್ಪಳಕ್ಕೆ ಚೆನ್ನಾಗಿ ಬಲಿತ, ಆದರೆ ಇನ್ನೂ ಹಣ್ಣಾಗದ ಕಾಯಿಯೇ ಆಗಬೇಕು. ಕೈಗೆ ಎಣ್ಣೆ ಸವರಿಕೊಂಡು, ಮೇಣ ಒರೆಸುತ್ತಾ ಸೊಳೆ ಬಿಡಿಸಿ, ಬೀಜ ತೆಗೆದು, ಅಟ್ಟಿನಳಗೆಯಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ) ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಬಿಸಿಯಿರುವಾಗಲೇ ಗುದ್ದಬೇಕು. ಹಿಟ್ಟು ಆರಿತೋ, ಒತ್ತುವಾಗ ಹಪ್ಪಳದ ಅಂಚು ಬಿರಿಯುತ್ತದೆ. ಆದ್ದರಿಂದ ಬೇಯಿಸುವವರು, ಗುದ್ದುವವರು, ಉಂಡೆ ಕಟ್ಟುವವರು, ಒತ್ತುವವರು ಒಂದೇ ಹೊತ್ತಿಗೆ ಕೈ ಸೇರಿಸದಿದ್ದರೆ ಈ ಕೆಲಸ ಸಾಗುವುದೇ ಇಲ್ಲ. ಒಬ್ಬರೇ ಮಾಡಿದರೆ ಮನೆಖರ್ಚಿಗಾದೀತು, ಮಾರಾಟಕ್ಕಾಗದು. ಪಾಕದ ವಿಷಯದಲ್ಲಿ ನಮ್ಮ ಅತ್ತೆಯದೇ ಕೊನೆಯ ಮಾತು; ಚಾಪೆಯ ಮೇಲಿನ ಹಪ್ಪಳವನ್ನು ಯಾವಾಗ ಮಗುಚಬೇಕೆಂದು ಹೇಳುವವರು ಆಚೆಮನೆಯ ಅಕ್ಕ. ಕಾಗೆ ಓಡಿಸುವ ಹೊಣೆ ರಜೆಯಲ್ಲಿರುವ ಮಕ್ಕಳದ್ದು, ಅವರೂ ಕೂಲಿ ಕೇಳುತ್ತಾರೆ.

ನಿಜವಾದ ತಕರಾರು ಎದ್ದದ್ದು ಒತ್ತುವ ಕೂಲಿಯ ಬಗ್ಗೆ. ತೂಕದ ಮೇಲೆ ಹಣ ಕೊಟ್ಟಾಗ ಹಪ್ಪಳ ದಪ್ಪವಾಗತೊಡಗಿತು; ದಪ್ಪಗಿನ ಹಪ್ಪಳ ಒಣಗಲು ತಡ, ಕಾಯಿಸಿದರೆ ನಡುವೆ ಗಟ್ಟಿ. ನೂರರ ಲೆಕ್ಕಕ್ಕೆ ಬದಲಾಯಿಸಿದಾಗ ಹಪ್ಪಳದ ಅಗಲವೇ ಕುಗ್ಗಿತು. ಇದರಲ್ಲಿ ಯಾರ ಕಪಟವೂ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಹಣದ ಲೆಕ್ಕ ಯಾವ ಕಡೆಗೆ ವಾಲುತ್ತದೆಯೋ ಕೈಯೂ ಆ ಕಡೆಗೆ ವಾಲುತ್ತದೆ. ಕೊನೆಗೆ ಉಂಡೆ ಕಟ್ಟುವವರನ್ನು ಬೇರೆ ಮಾಡಿ, ಒಂದೇ ಅಳತೆಯ ಚಮಚದಲ್ಲಿ ಹಿಟ್ಟು ತೆಗೆಯುವಂತೆ ಮಾಡಿ, ಒತ್ತಿದ ಹಪ್ಪಳದ ಅಗಲವನ್ನು ಒಂದು ಸ್ಟೀಲ್ ಮುಚ್ಚಳಕ್ಕೆ ಸರಿಹೊಂದಿಸಿದೆವು. ಕೂಲಿಯನ್ನು ವಾರವಾರ ಸಲ್ಲಿಸುತ್ತೇವೆ. ಲಾಭವನ್ನು ಮಾತ್ರ ದೀಪಾವಳಿಗೆ ಮೊದಲು, ಎಲ್ಲರೂ ಕುಳಿತು ಪುಸ್ತಕ ನೋಡಿದ ಮೇಲೆ ಹಂಚಿಕೊಳ್ಳುತ್ತೇವೆ. ಈ ಎರಡನ್ನು ಬೆರೆಸಿದ ದಿನವೇ ಪಾಲುದಾರಿಕೆ ಮುರಿಯುತ್ತದೆಂದು ಲೆಕ್ಕ ಬರೆಯುವ ನನ್ನ ಗಟ್ಟಿ ನಂಬಿಕೆ.

ಈ ವ್ಯವಸ್ಥೆಯೇನೂ ಹೊಸತಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯೂ ಕೆಲಸವನ್ನು ಹೀಗೆಯೇ ಹಂಚಿತು: ಹಿಟ್ಟು ಒಂದೆಡೆ ಕಲಸುವುದು, ಲಟ್ಟಿಸುವುದು ಅವರವರ ಮನೆಯಲ್ಲಿ, ಲಾಭನಷ್ಟ ಎಲ್ಲರದ್ದು. ಅವರ ಕತೆಯಲ್ಲಿ ನನಗೆ ಹಿಡಿಸಿದ ಭಾಗ ಬೇರೆ. ಮೊದಲ ವರ್ಷ ಮಳೆಯಿಂದಾಗಿ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಮರುವರ್ಷ ಒಂದು ಮಂಚ ಮತ್ತು ಒಂದು ಸ್ಟವ್ ಕೊಂಡು, ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟವ್ ಹೊತ್ತಿಸಿ ಮಳೆಗಾಲದಲ್ಲೂ ಒಣಗಿಸಿದರು. ಆ ವರ್ಷ ಅವರಿಗೆ ಬೇಕಾಗಿದ್ದಷ್ಟನ್ನೇ ಅವರು ಕೊಂಡರು.

ಕಾಗದಪತ್ರದ ಕೆಲಸ ಜನ ಹೆದರಿಸುವಷ್ಟು ಕಷ್ಟವಿರಲಿಲ್ಲ. ನಾವು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿದಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ ಇತ್ತು. ಆ 14 ಅಂಕೆಗಳ ಸಂಖ್ಯೆ ಲಕೋಟೆಯ ಮೇಲೆ ಬಂದ ಮೇಲೆ ಅಂಗಡಿಯವರು ನಮ್ಮೊಡನೆ ಮಾತನಾಡುವ ಧಾಟಿಯೇ ಬದಲಾಯಿತು. ಆದರೂ ನಮ್ಮ ಹಪ್ಪಳ ಹೆಚ್ಚಾಗಿ ಹೋಗುವುದು ಬೆಂಗಳೂರು, ಮುಂಬಯಿಯಲ್ಲಿರುವ ನೆಂಟರ ಮೂಲಕ, ಅವರ ಪರಿಚಯದವರಿಗೆ. ಅಂಗಡಿಗೆ ಕೊಟ್ಟ ಮಾಲಿನ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ನೆಂಟರು ಮುಂಗಡವಾಗಿ ಕಳುಹಿಸುತ್ತಾರೆ, ಆ ಹಣದಲ್ಲೇ ಕೊಯ್ಯುವವರ ಕೂಲಿ ಸಾಗುತ್ತದೆ.

ಜೂನ್ ಮೊದಲ ವಾರದ ಮಳೆಯೊಂದಿಗೆ ನಮ್ಮ ಋತು ಮುಗಿಯುತ್ತದೆ, ಮೇ ತಿಂಗಳ ಸಂಜೆಮಳೆಯೂ ಅಂಗಳದ ಚಾಪೆಗಳನ್ನು ಬಿಡುವುದಿಲ್ಲ. ಹಾಗಾಗಿ ಈ ವರ್ಷ ಡ್ರೈಯರ್‌ನ ಮಾತು ಬಂದಿದೆ. 2020ರಲ್ಲಿ ಕೇಂದ್ರ ಸರಕಾರ ತಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಆದರೆ ಅದು ಬ್ಯಾಂಕ್ ಸಾಲದೊಂದಿಗೆ ಬರುವಂಥದ್ದು. ದೊಡ್ಡ ಯಂತ್ರ ತಂದರೆ ವರ್ಷವಿಡೀ ಅದಕ್ಕೆ ಕೆಲಸ ಒದಗಿಸಬೇಕು, ಅಂದರೆ ಹಲಸು ಮುಗಿದ ಮೇಲೆ ಬಾಳೆಕಾಯಿಗೋ ಮರಗೆಣಸಿಗೋ ಕೈ ಹಾಕಬೇಕು ಎಂಬುದು ಅತ್ತೆಯ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಎರಡು ವರ್ಷದ ಲಾಭವನ್ನು ಹಂಚದೆ ಒಟ್ಟುಗೂಡಿಸಿ ಚಿಕ್ಕ ಡ್ರೈಯರ್ ಕೊಳ್ಳುವುದೆಂದು ಮೂರು ಮನೆಯವರು ಒಪ್ಪಿದ್ದಾರೆ. ನಾಲ್ಕನೆಯ ಮನೆಯಲ್ಲಿ ಈ ವರ್ಷ ಮಗಳ ಮದುವೆ. ಅವರ ಪಾಲನ್ನು ಎಂದಿನಂತೆ ಕೊಟ್ಟುಬಿಡುವುದು, ಯಂತ್ರದಲ್ಲಿ ಅವರ ಭಾಗವನ್ನು ಮುಂದೆ ಕೂಲಿಯಿಂದ ಸ್ವಲ್ಪಸ್ವಲ್ಪವಾಗಿ ಮುರಿದುಕೊಳ್ಳುವುದು ಎಂದು ಪುಸ್ತಕದಲ್ಲಿ ಬರೆದಿದ್ದೇನೆ, ಸಹಿಗಳು ಬೀಳಬೇಕಷ್ಟೆ.