ರೈಲೇ, ಟೋನ್ಸೈಗೆ ರಾಕ್ ಕ್ಲೈಂಬಿಂಗ್‌ಗೆ ಹೋಗೋರು ಏರ್‌ಪೋರ್ಟಲ್ಲಿ ಬೋಟ್ ಟಿಕೆಟ್ ತಗೋಬೇಡಿ

ಥಾಯ್ಲೆಂಡಿನ ಕ್ರಾಬಿ ಹತ್ರ ಇರೋ ರೈಲೇನ (ಟೋನ್ಸೈ ಅದರ ಪಕ್ಕದ ಬೀಚು) ದ್ವೀಪ ಅಂದ್ಕೊಂಡೇ ಹೋಗಿದ್ದೆ. ದ್ವೀಪ ಅಲ್ಲ, ನೆಲಕ್ಕೇ ಅಂಟ್ಕೊಂಡಿದೆ, ಆದ್ರೆ ಹಿಂದ್ಗಡೆ ಸುಣ್ಣಕಲ್ಲಿನ ಬಂಡೆಗಳು ಗೋಡೆ ಥರ ಅಡ್ಡ ನಿಂತಿರೋದ್ರಿಂದ ರೋಡಿಲ್ಲ, ದೋಣೀಲೇ ಹೋಗ್ಬೇಕು. ಇದನ್ನೇ ಇಟ್ಕೊಂಡು ನಮ್ಮನ್ನ ಬಕ್ರಾ ಮಾಡಿದ್ರು.

ಏರ್‌ಪೋರ್ಟಲ್ಲೇ ಒಂದು ಕೌಂಟರ್, ವ್ಯಾನು ಬೋಟು ಎರಡೂ ಸೇರಿ ಸೀದಾ ಟೋನ್ಸೈಗೆ ಬಿಡ್ತೀವಿ, ರಿಟರ್ನ್ ಬೋಟ್ ಕೂಪನ್ನೂ ಕೊಡ್ತೀವಿ ಅಂದ್ರು, ತಲೆಗೆ 700 ಬಾತ್ (ಥಾಯ್ ದುಡ್ಡು) ಕೊಟ್ವಿ. ವ್ಯಾನ್ ಆವೋ ನಾಂಗ್ ಊರೆಲ್ಲ ಸುತ್ತಿ ಹೋಟ್ಲು ಹೋಟ್ಲಿಗೆ ಜನ ಇಳಿಸಿ ಕೊನೆಗೆ ಯಾವ್ದೋ ಟ್ರಾವೆಲ್ಸ್ ಅಂಗಡಿ ಮುಂದೆ ನಮ್ಮನ್ನ ಕೂರಿಸ್ತು, ಬೋಟ್ ಈಗ್ಬರುತ್ತೆ ಆಗ್ಬರುತ್ತೆ ಅಂತ ಎರಡು ಗಂಟೆ, ಅಷ್ಟ್ರಲ್ಲಿ ನಾಲ್ಕು ಐಲ್ಯಾಂಡ್ ಟೂರ್ ಮಾರೋಕೆ ನೋಡಿದ್ರು. ಬೋಟ್ ಹತ್ತೋ ಹೊತ್ತಿಗೆ ಸಮುದ್ರ ಇಳಿದುಬಿಟ್ಟಿತ್ತು, ಟೋನ್ಸೈ ದಡದ ಮುಂದೆ ಬರೀ ಕಲ್ಲು, ದೋಣಿಯವನು ಆಗಲ್ಲ ಅಂತ ರೈಲೇ ವೆಸ್ಟ್ ಬೀಚಲ್ಲೇ ಇಳಿಸಿ ಹೋದ. 70 ಮೀಟರ್ ಹಗ್ಗ, ಹಗ್ಗನ ಬೋಲ್ಟಿಗೆ ಸಿಕ್ಕಿಸೋ ಕ್ವಿಕ್‌ಡ್ರಾ ಕೊಂಡಿಗಳು, ಬಟ್ಟೆ ಎಲ್ಲಾ ಹೊತ್ಕೊಂಡು ಪಾಚಿಗಟ್ಟಿದ ಬಂಡೆ ಮೇಲೆ ಕಾಲು ಜಾರಿಸ್ಕೊಂಡು ಟೋನ್ಸೈ ಮುಟ್ಟಿದ್ವಿ. ಅದೂ ಇಳಿತ ಇದ್ದಾಗ ಮಾತ್ರ, ಭರತದಲ್ಲಾದ್ರೆ ಕಾಡೊಳಗಿನ ದಾರೀನೇ ಗತಿ.

ನೀವು ಹೀಗ್ಮಾಡಿ. ಏರ್‌ಪೋರ್ಟ್ ಬಸ್ಸಲ್ಲಿ ಆವೋ ನಾಂಗ್‌ಗೆ ಬನ್ನಿ, ಬೀಚಲ್ಲಿರೋ ಬೋಟ್ ಕೌಂಟರಲ್ಲಿ ನೀವೇ ಟಿಕೆಟ್ ತಗೊಳ್ಳಿ, ನಾವು ಹೋದಾಗ ಹಗಲಲ್ಲಿ 100 ಬಾತ್ ಇತ್ತು, ಎಂಟು ಜನ ಆದ್ರೆ ಹೊರಡುತ್ತೆ, ಕತ್ತಲಾದ್ಮೇಲೆ ರೇಟ್ ಏರುತ್ತೆ. ರೂಮ್ ಬುಕ್ ಮಾಡೋಕಿಂತ ಮುಂಚೆ ಹೋಗೋ ದಿನದ ಭರತ ಇಳಿತದ ಟೈಮ್ ನೋಡಿ. ಚಪ್ಪಲಿ ಬ್ಯಾಗಲ್ಲಿ ಮೇಲ್ಗಡೆ ಇರ್ಲಿ.

ಬಂಡೆ ಬಗ್ಗೆ ಎರಡೇ ಮಾತು. ಸಮುದ್ರದ ಉಪ್ಪಿಗೆ ಇಲ್ಲಿ ಹಗ್ಗ ಸಿಕ್ಕಿಸೋಕೆ ಬಂಡೆಗೆ ಹೊಡೆದಿರೋ ಸ್ಟೀಲ್ ಬೋಲ್ಟ್ ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೊಳಗೇ ಬಿರುಕು ಬಿಟ್ಟಿರ್ಬೋದು, ಅದಕ್ಕೇ ಅಂಟು ಹಾಕಿ ಕೂರಿಸಿರೋ ಟೈಟಾನಿಯಂ ಬೋಲ್ಟ್ ಇರೋ ರೂಟನ್ನೇ ಹತ್ತಿ, ಯಾವ್ದು ಅಂತ ಅಲ್ಲಿನ ಕ್ಲೈಂಬಿಂಗ್ ಅಂಗಡೀಲಿ ಕೇಳಿ. ರೈಲೇ ಈಸ್ಟಿನ ಒನ್ ಟೂ ತ್ರೀ ವಾಲ್ ಹೊಸಬ್ರಿಗೆ ಒಳ್ಳೇದು ಅಂತಾರೆ, ಇರ್ಬೋದು, ನಾನಂತೂ ಹೆಲ್ಮೆಟ್ ಹಾಕ್ಕೊಂಡು ನಿಂತೋರ ಆ ಕ್ಯೂ ನೋಡೇ ತಲೆ ಕೆಟ್ಟು ವಾಪಸ್ ಬಂದೆ. ಕೋತಿಗಳಿವೆ, ಕೆಳಗೆ ಬಾಳೆಹಣ್ಣು ಬಿಟ್ಟು ಹತ್ತಬೇಡಿ!

ಊಟ ಮಾತ್ರ ಮರೆಯೋಕಾಗಲ್ಲ. ಟೋನ್ಸೈ ಒಳದಾರೀಲಿ ತಗಡಿನ ಮಾಡು, ನಾಲ್ಕು ಪ್ಲಾಸ್ಟಿಕ್ ಟೇಬಲ್, ಬೋರ್ಡೂ ಇಲ್ಲ, ಒಬ್ಬ ವಯಸ್ಸಾದಮ್ಮ, ಎಲ್ರೂ 'ಪಾ' ಅಂತಾರೆ, ಅಂದ್ರೆ ಅತ್ತೆ ದೊಡ್ಡಮ್ಮ ಅನ್ನೋ ಥರ. ಪಪ್ಪಾಯಕಾಯಿ ತುರಿ, ಬೆಳ್ಳುಳ್ಳಿ, ಮೆಣಸಿನಕಾಯಿ ನಮ್ಮೆದುರೇ ಒರಳಲ್ಲಿ ಕುಟ್ಟಿ ನಿಂಬೆ ಹಿಂಡಿ ಕೊಟ್ರೆ ಬೆರಳಿನ ಚರ್ಮ ಕಿತ್ತಿದ್ದೂ ಮರೆತು ಹೋಗುತ್ತೆ. ಫ್ರೈಡ್ ರೈಸ್ 80 ಬಾತ್, ಒಂದು ಪ್ಲೇಟಲ್ಲಿ ಹೊಟ್ಟೆ ಬಿರಿಯುತ್ತೆ. ವೆಜ್ ಆದ್ರೆ 'ಜೇ' ಅನ್ನಿ, ಇಲ್ಲಾಂದ್ರೆ ಬರೀ ತರಕಾರಿಗೂ ಮೀನಿನ ಸಾಸ್ ಬೀಳುತ್ತೆ. ಆರು ದಿನಾನೂ ಅಲ್ಲೇ ತಿಂದ್ವಿ.

ವಾಪಸ್ ಹೊರಟಾಗ ಆ ರಿಟರ್ನ್ ಕೂಪನ್ ತೋರಿಸಿದ್ವಿ. ದೋಣಿಯವನು ತಿರುಗಿಸಿ ನೋಡಿ ನಕ್ಕು ಕೈಗೇ ಕೊಟ್ಟ, ಮತ್ತೆ 100 ಬಾತ್.