ಜೇನುಪೆಟ್ಟಿಗೆ ಕೊಟ್ಟ ಮೇಲೆ ಬರುವ ಮಳೆಗಾಲ

ಜಮೀನಿಲ್ಲದ ಕೂಲಿ ಮನೆಗೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು, ಅಂದರೆ ತುಡುವೆ, ಒಳ್ಳೆಯ ಉಪಕಸುಬು ಎನ್ನುವುದು ಸುಳ್ಳಲ್ಲ. ಆದರೆ ಹೊಸನಗರ, ತೀರ್ಥಹಳ್ಳಿ ಕಡೆ ಬೇಸಿಗೆಯಲ್ಲಿ ಯೋಜನೆಯವರು ಬಡವರಿಗೆಂದು ಫೋಟೋ ತೆಗೆಸಿ ಹಂಚಿದ ಜೇನುಪೆಟ್ಟಿಗೆಯಲ್ಲಿ ದೀಪಾವಳಿ ಹೊತ್ತಿಗೆ ಕೋಳಿ ಕಾವಿಗೆ ಕೂತಿದ್ದರೂ ಆಶ್ಚರ್ಯವಿಲ್ಲ. ಹುಳ ಉಳಿಯದಿರಲು ತರಬೇತಿ ಸಾಲದೇ ಹೋಗಿದ್ದಕ್ಕಿಂತ ಮಳೆಗಾಲದಲ್ಲಿ ಹುಳಕ್ಕೆ ಕೊಡುವ ಸಕ್ಕರೆ ಸಾಲದೇ ಹೋಗಿದ್ದು ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳ ಹೊರಗೆ ಹೋಗುವುದೇ ಕಡಿಮೆ, ಹೋದರೂ ಹೂವಿಲ್ಲ. ಒಂದು ಜೇನು ಕುಟುಂಬಕ್ಕೆ, ಅಂದರೆ ಒಂದು ಪೆಟ್ಟಿಗೆಯ ಹುಳಗಳಿಗೆ, ವಾರಕ್ಕೆ 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಐದು ಪೆಟ್ಟಿಗೆಗೆ ವಾರಕ್ಕೆ ಒಂದು ಕೆಜಿ, ಮಳೆಗಾಲಕ್ಕೆ ಸುಮಾರು 17 ಕೆಜಿ. ಕೂಲಿಯೂ ನಿಲ್ಲುವ ಆಷಾಢದಲ್ಲಿ ಆ ಸಕ್ಕರೆ ಮಕ್ಕಳ ಚಹಾಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಹಾಗಾಗಿ ಸಕ್ಕರೆ ಜತೆ ಆ ನಾಲ್ಕು ತಿಂಗಳ ಅಕ್ಕಿ-ಬೇಳೆಯನ್ನೂ ಯೋಜನೆಯ ಖರ್ಚಿನಲ್ಲೇ ಸೇರಿಸಬೇಕು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದು ಶುರು ಮಾಡಿದ ಕಾರ್ಯಕ್ರಮದಲ್ಲೂ ಆಸ್ತಿಯ ಜತೆಗೆ ಹೊಟ್ಟೆಪಾಡಿನ ಭತ್ಯೆ, ಮನೆ ಬಾಗಿಲಿಗೆ ಬಂದು ವಿಚಾರಿಸುವ ವ್ಯವಸ್ಥೆ ಇತ್ತು.

ಪಾಕವನ್ನು ಗೆರಟೆಯಲ್ಲಿ ಹಾಕಿ, ಹುಳ ಮುಳುಗದಂತೆ ನಾಲ್ಕು ಕಡ್ಡಿ ಇಟ್ಟು, ಸಂಜೆ ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗಿಡಬೇಕು. ಹಗಲಲ್ಲಿ ಇಟ್ಟರೆ ಅಥವಾ ಹೊರಗೆ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯ ಹುಳ ಲೂಟಿಗೆ ಬರುತ್ತವೆ. ಬಡಕಲು ಕುಟುಂಬ ಅಲ್ಲಿಗೆ ಮುಗಿಯಿತು. ತುಪ್ಪ ತುಂಬಲೆಂದು ಪೆಟ್ಟಿಗೆಯ ಮೇಲೆ ಜೇನು ಕೋಣೆ ಏರಿಸಿದ ಮೇಲೆ ಪಾಕ ಕೊಡಲೇಬಾರದು, ಕೊಟ್ಟರೆ ಮಾರುವುದು ಸಕ್ಕರೆ ನೀರನ್ನೇ.

ಮಳೆಯಲ್ಲಿ ಹುಳ ಕಡಿಮೆಯಾದಾಗ ಖಾಲಿ ಎರಿಗಳನ್ನು, ಅಂದರೆ ಹುಳ ಕಟ್ಟಿದ ಮೇಣದ ಗೂಡುಗಳನ್ನು, ತೆಗೆದುಬಿಡಿ. ಹುಳ ಕೂರದ ಎರಿಗೆ ಮೇಣದ ಪತಂಗ ಮೊಟ್ಟೆ ಇಡುತ್ತದೆ, ನಂತರ ಅದರ ಮರಿಹುಳು ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಅಡಿಹಲಗೆ ಒರೆಸಿದರೆ ಅರ್ಧ ಕಾಟ ತಪ್ಪುತ್ತದೆ. ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರಿದ್ದರೂ ಒಂದು ಹುಲ್ಲಿನ ಎಸಳು ಪೆಟ್ಟಿಗೆಗೆ ತಾಗಿದರೆ ಸಾಕು, ಇರುವೆಗೆ ಸೇತುವೆ ಸಿಕ್ಕಂತೆ. ಪೆಟ್ಟಿಗೆ ಬಾಗಿಲ ಕಡೆಗೆ ತುಸು ವಾಲಿರಲಿ, ಒಳಗೆ ನೀರು ನಿಲ್ಲುವುದಿಲ್ಲ.

ತರಬೇತಿಯಲ್ಲಿ ಯಾರೂ ಎತ್ತದ ಪ್ರಶ್ನೆ ಒಂದಿದೆ: ಪೆಟ್ಟಿಗೆ ಇಡುವುದು ಯಾರ ಜಾಗದಲ್ಲಿ? ಅಡಿಕೆ ತೋಟದ ಒಡೆಯರ ಅಂಚಿನಲ್ಲಿ ಇಟ್ಟರೆ ಹುಳ ಯಾರದು, ಜೇನುತುಪ್ಪದಲ್ಲಿ ಅವರಿಗೆಷ್ಟು, ಅಡಿಕೆಯ ಹಿಂಗಾರಕ್ಕೆ (ಹೂಗೊಂಚಲಿಗೆ) ಕೀಟನಾಶಕ ಹೊಡೆಯುವ ಹಿಂದಿನ ದಿನ ಹೇಳುತ್ತಾರೋ ಇಲ್ಲವೋ, ಇವೆಲ್ಲ ಸ್ವಸಹಾಯ ಸಂಘದ ಸಭೆಯಲ್ಲೇ ತೀರ್ಮಾನವಾಗಲಿ. ಆಮೇಲೆ ಕೂಲಿಯವರು ಒಡೆಯರೆದುರು ನಿಂತು ಕೇಳುವುದು ಅಷ್ಟು ಸುಲಭವಲ್ಲ.

ಇಡೀ ಮನೆಯ ಖರ್ಚನ್ನು ಜೇನಿನ ಮೇಲೆ ಹೊರಿಸುವುದಂತೂ ಬೇಡ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದಲ್ಲಿ ತುಡುವೆ ಕುಟುಂಬಗಳು ರಾಶಿ ರಾಶಿ ನಾಶವಾದವು. ಮರಿಹುಳು ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ, ಔಷಧಿ ಇಲ್ಲ. ಐದು ಪೆಟ್ಟಿಗೆಯ ಜತೆ ನಾಲ್ಕು ನಾಟಿ ಕೋಳಿಯೋ ಒಂದು ಆಡೋ ಇರಲಿ. ಮೊದಲ ವರ್ಷ ತುಪ್ಪಕ್ಕಿಂತ ಜೇನು ಕುಟುಂಬ ಉಳಿಸುವುದಕ್ಕೇ ಗಮನ ಕೊಡಿ. ಮುಕ್ಕಾಲು ಪಾಲು ಕಣ್ಣುಗಳನ್ನು ಹುಳ ಮೇಣದಿಂದ ಮುಚ್ಚಿದ ಎರಿಯನ್ನಷ್ಟೇ ತೆಗೆಯಿರಿ. ಇನ್ನೂ ಪಕ್ವವಾಗದ ಹಸಿ ತುಪ್ಪ ಬಾಟಲಿಯಲ್ಲಿ ಹುಳಿ ಬರುತ್ತದೆ, ಅಂಗಡಿಯವರು ಎರಡನೇ ಸಲ ಕೊಳ್ಳುವುದಿಲ್ಲ.