ಯಾವ ಮಸಾಜ್ ಒಳ್ಳೇದು ಅಂತ ಕೇಳುವವರಿಗೆ

ಮೈಸೂರಿನಲ್ಲಿ ನಾನು ಮಸಾಜ್ ಕೆಲಸಕ್ಕೆ ಸೇರಿ 14 ವರ್ಷವಾಯಿತು. ಮದುವೆ ಮನೆಯಾಗಲಿ, ಮಂಡ್ಯಕ್ಕೆ ಹೋಗುವ ಬಸ್ಸಾಗಲಿ, ನನ್ನ ಕೆಲಸ ಗೊತ್ತಾದ ತಕ್ಷಣ ಬರುವ ಪ್ರಶ್ನೆ ಒಂದೇ. "ಅಕ್ಕ, ಬೋರ್ಡಿನ ಮೇಲೆ ಅಭ್ಯಂಗ, ಸ್ವೀಡಿಷ್, ಥಾಯ್, ಡೀಪ್ ಟಿಶ್ಯೂ ಅಂತ ಏನೇನೋ ಬರ್ದಿರ್ತಾರೆ. ಯಾವುದು ಮಾಡಿಸ್ಕೊಂಡ್ರೆ ಒಳ್ಳೇದು?"

ನಾನು ತಕ್ಷಣ ಹೆಸರು ಹೇಳುವುದಿಲ್ಲ. "ಎಲ್ಲಿ ನೋವು, ತೋರಿಸಿ" ಅನ್ನುತ್ತೇನೆ. ಅವರ ಕೈ ಏನು ಮಾಡುತ್ತದೆ ಅಂತ ನೋಡುತ್ತೇನೆ. ಕೆಲವರು ಅಂಗೈಯನ್ನು ಇಡೀ ಬೆನ್ನಿನ ಮೇಲೆ ಸವರಿ "ಎಲ್ಲಾ ಕಡೆ" ಅನ್ನುತ್ತಾರೆ. ಕೆಲವರು ಒಂದು ಬೆರಳಿಟ್ಟು "ಇಲ್ಲೇ, ಸರಿಯಾಗಿ ಇಲ್ಲೇ" ಅನ್ನುತ್ತಾರೆ. ಇನ್ನು ಕೆಲವರು ಜಾಗವನ್ನೇ ತೋರಿಸುವುದಿಲ್ಲ. ಕತ್ತು ತಿರುಗಿಸಿ "ಇಷ್ಟೇ ಬರೋದು ನೋಡಿ" ಅನ್ನುತ್ತಾರೆ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಅಂಗೈ ಸವರುವವರಿಗೆ ದಣಿವು ಜಾಸ್ತಿ, ನಿದ್ದೆ ಕಡಿಮೆ. ಅವರಿಗೆ ನಾನು ಹೇಳುವುದು ಅಭ್ಯಂಗ. ಬಿಸಿ ಎಣ್ಣೆ, ಮೈಯುದ್ದಕ್ಕೂ ನೀವುವ ಕೈ, ಆಮೇಲೆ ಹಬೆ ಇಲ್ಲವೇ ಬಿಸಿನೀರು. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ನರಕ ಚತುರ್ದಶಿಯ ಬೆಳಗಿನ ಎಣ್ಣೆ ಸ್ನಾನ ಯಾರಿಗೆ ಗೊತ್ತಿಲ್ಲ ಹೇಳಿ? ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ ಅಕ್ಕಪಕ್ಕದ ಮನೆಯ ಕೂಸುಗಳಿಗೆಲ್ಲ ನಮ್ಮಜ್ಜಿಯೇ ಎಣ್ಣೆ ನೀರು ಹಾಕುತ್ತಿದ್ದರು. ಬಚ್ಚಲಲ್ಲಿ ಕಾಲು ನೀಡಿಕೊಂಡು ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆಯನ್ನು ಮೊದಲು ತಮ್ಮ ಮುಂಗೈಗೆ ಸವರಿ ಬಿಸಿ ನೋಡುತ್ತಿದ್ದರು. ನಾನು ಕೂಡ ಎಣ್ಣೆಯನ್ನು ನೇರ ಉರಿಯ ಮೇಲೆ ಇಡುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಕೂರಿಸಿ, ನನ್ನ ಮಣಿಕಟ್ಟಿಗೆ ಎರಡು ಹನಿ ಬಿಟ್ಟು ನೋಡಿದ ಮೇಲೆಯೇ ಬೇರೆಯವರ ಬೆನ್ನು ಮುಟ್ಟುವುದು. ತೋಳು, ತೊಡೆಯ ಮೇಲೆ ಉದ್ದಕ್ಕೆ ನೀವಬೇಕು. ಮೊಣಕಾಲು, ಭುಜದ ಕೀಲಿನ ಮೇಲೆ ಸುತ್ತಕ್ಕೆ. ತಲೆ, ಕಿವಿ, ಅಂಗಾಲು ಬಿಡಬಾರದು ಅಂತ ಹಳೇ ಕಾಲದ ಆಯುರ್ವೇದ ಪಂಡಿತ ವಾಗ್ಭಟನೇ ಹೇಳಿದ್ದಾನೆ. ಆ ಮೂರನ್ನೂ ಅವಸರದಲ್ಲಿ ಮುಗಿಸುವ ಜಾಗಕ್ಕೆ ಎರಡನೇ ಸಲ ಹೋಗಬೇಡಿ.

ಅಷ್ಟೆಲ್ಲ ಎಣ್ಣೆ ಬೇಡ, ಮುಗಿಸಿಕೊಂಡು ಆಫೀಸಿಗೆ ಹೋಗಬೇಕು ಅನ್ನುವವರಿಗೆ ಸ್ವೀಡಿಷ್ ಸಾಕು. ಇದರಲ್ಲಿ ಎಣ್ಣೆ ಕಡಿಮೆ. ನೀವುವುದು, ಚಪಾತಿ ಹಿಟ್ಟಿನ ಹಾಗೆ ನಾದುವುದು, ಮೆಲ್ಲಗೆ ತಟ್ಟುವುದು ಇರುತ್ತದೆ. ಹೆಸರು ಸ್ವೀಡನ್ನಿನದು, ಆದರೆ ಈ ಪಟ್ಟುಗಳನ್ನು ಅಚ್ಚುಕಟ್ಟಾಗಿ ಜೋಡಿಸಿದವರು 19ನೇ ಶತಮಾನದ ಹಾಲೆಂಡಿನ ವೈದ್ಯ ಯೊಹಾನ್ ಮೆಟ್ಸ್‌ಗರ್. ಮೊದಲ ಸಲ ಮಸಾಜ್‌ಗೆ ಬರುವವರಿಗೆ, ಮುಜುಗರ ಇರುವವರಿಗೆ ಇದು ಹಿತವಾಗಿರುತ್ತದೆ.

ಬೆರಳಿಟ್ಟು ತೋರಿಸುವವರ ಕಥೆ ಬೇರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಹೊಲಿಗೆ ಯಂತ್ರ ತುಳಿಯುವವರು. ಅವರ ಭುಜ ಮತ್ತು ಕತ್ತಿನ ನಡುವೆ ಕೈಯಿಟ್ಟರೆ ಹೆಬ್ಬೆರಳ ಕೆಳಗೆ ಒಣ ಬಟಾಣಿಯ ಹಾಗೆ ಒಂದು ಗಂಟು ಸಿಗುತ್ತದೆ. ಡೀಪ್ ಟಿಶ್ಯೂ ಇರುವುದು ಇಂಥದ್ದಕ್ಕೆ. ಮೊದಲು ಮೇಲಿನ ಮಾಂಸಖಂಡ ಸಡಿಲವಾಗಬೇಕು. ಆಮೇಲೆ ಅವರು ಉಸಿರು ಬಿಡುವಾಗ ಮಾತ್ರ ಹೆಬ್ಬೆರಳೋ ಮೊಣಕೈಯೋ ನಿಧಾನವಾಗಿ ಒಳಗೆ ಇಳಿಯಬೇಕು. ಅಷ್ಟು ಒತ್ತಡ ತಡೆಯಲಾಗದವರಿಗೆ ಎಲೆ ಪೊಟ್ಟಣದ ಶಾಖ ಚೆನ್ನಾಗಿ ಹಿಡಿಸುತ್ತದೆ. ಲಕ್ಕಿ, ಎಕ್ಕ, ಹರಳು ಗಿಡದ ಸೊಪ್ಪನ್ನು ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ ಒತ್ತುವುದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರು ಇದನ್ನು ಮೊದಲೇ ಹೇಳಬೇಕು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಕತ್ತು, ಸೊಂಟ ತಿರುಗುವುದಿಲ್ಲ ಅನ್ನುವವರಿಗೆ ಥಾಯ್. ಎಣ್ಣೆ ಇಲ್ಲ, ಬಟ್ಟೆ ಬಿಚ್ಚುವುದಿಲ್ಲ, ನೆಲದ ಹಾಸಿಗೆಯ ಮೇಲೆ ಮಲಗಿಸಿ ಕೈಕಾಲು ಎಳೆದು ಬಗ್ಗಿಸುತ್ತಾರೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಿದ್ಯೆ ಇದು. ಮೂಳೆ ಸವೆದವರಿಗೆ, ಡಿಸ್ಕ್ ತೊಂದರೆ ಇರುವವರಿಗೆ ಮಾತ್ರ ಬೇಡ.

ನನಗೆ ಬೇಜಾರು ತರುವ ಮಾತು ಒಂದಿದೆ. "ದುಡ್ಡು ಕೊಟ್ಟಿದೀನಿ, ಗಟ್ಟಿಯಾಗಿ ಒತ್ತಮ್ಮ." ಜಾಸ್ತಿ ನೋವಾದರೆ ಜಾಸ್ತಿ ಗುಣ ಅನ್ನುವ ನಂಬಿಕೆ ನನಗೂ ಇತ್ತು. ಕೆಲಸ ಕಲಿಯುವಾಗ ಒಂದು ಕಡೆ ಹೋಗಿ, ಹಲ್ಲು ಕಚ್ಚಿಕೊಂಡು ಒಂದು ಗಂಟೆ ಒತ್ತಿಸಿಕೊಂಡು ಬಂದೆ. ಮಾರನೇ ದಿನ ಬೆನ್ನ ತುಂಬ ನೀಲಿ. ನಾಲ್ಕು ದಿನ ಅಂಗಾತ ಮಲಗಲು ಆಗಲಿಲ್ಲ. ನೋವಿಗೆ ಮೈ ಬಿಗಿದುಕೊಂಡರೆ ಮಾಂಸಖಂಡ ಇನ್ನೂ ಗಟ್ಟಿಯಾಗುತ್ತದೆ, ಅಷ್ಟೇ. ಒತ್ತುವಾಗ ನಿಮ್ಮ ಉಸಿರು ನಿಂತರೆ ಅದು ಜಾಸ್ತಿಯಾಯಿತು ಅಂತ ಅರ್ಥ. ಬಾಯಿಬಿಟ್ಟು ಹೇಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಂತೂ ಗಟ್ಟಿ ಮಸಾಜ್ ಹತ್ತಿರ ಹೋಗಲೇಬಾರದು.

ಯಾವುದೂ ಬೇಡ ಅನ್ನುವ ದಿನಗಳೂ ಇವೆ. ಜ್ವರ ಇದ್ದಾಗ, ಚರ್ಮದಲ್ಲಿ ಕೀವು ಇದ್ದಾಗ. ಒಮ್ಮೆ ವಿಮಾನದಲ್ಲಿ ದೂರದಿಂದ ಬಂದ ಹೆಂಗಸೊಬ್ಬರು ಮೀನಖಂಡ ಹಿಡಿದುಕೊಂಡಿದೆ ಅಂತ ಬಂದರು. ಒಂದು ಕಾಲು ಮಾತ್ರ ಊದಿತ್ತು, ಮುಟ್ಟಿದರೆ ಬಿಸಿ. ನಾನು ಒತ್ತಲಿಲ್ಲ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ತಿಕ್ಕಿದರೆ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಕಟಿಂಗ್ ಶಾಪಿನಲ್ಲಿ ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ತುಂಬಾ ಹಿತ. ಆದರೆ ಕತ್ತನ್ನು ಲಟಕ್ ಅನ್ನಿಸಲು ಮಾತ್ರ ಬಿಡಬೇಡಿ. ಕತ್ತಿನ ಒಳಗೆ ಮೆದುಳಿಗೆ ಹೋಗುವ ರಕ್ತನಾಳ ಇದೆ, ಅದು ಹರಿದರೆ ಪಾರ್ಶ್ವವಾಯು ಆಗಬಹುದು.

ಹಳೇ ನೋವಿದ್ದರೆ ಮೊದಲು ವೈದ್ಯರನ್ನು ನೋಡಿ. ದಸರಾ ಮೆರವಣಿಗೆ ಹಾದುಹೋಗುವ ಸಯ್ಯಾಜಿರಾವ್ ರಸ್ತೆಯಲ್ಲೇ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ.

ದುಡ್ಡು, ಪುರುಸೊತ್ತು ಎರಡೂ ಇಲ್ಲದವರು ಸುಮ್ನೆ ಇವತ್ತು ರಾತ್ರಿ ಎರಡು ಚಮಚ ಎಳ್ಳೆಣ್ಣೆ ಬೆಚ್ಚಗೆ ಮಾಡಿಕೊಳ್ಳಿ. ಹಿಮ್ಮಡಿಯಿಂದ ಬೆರಳ ಕಡೆಗೆ ಹೆಬ್ಬೆರಳಲ್ಲಿ ಅಂಗಾಲು ನೀವಿ, ಒಂದೊಂದು ಪಾದಕ್ಕೆ ಐದು ನಿಮಿಷ. ಏಳುವ ಮೊದಲು ಪಾದ ಒರೆಸಿಕೊಳ್ಳಿ, ರೆಡ್ ಆಕ್ಸೈಡ್ ನೆಲ ಜಾರುತ್ತದೆ.